ಡ್ರಿಲ್ ಹಾಡುವ ಮಗ, ಬಾಗಿಲಿಗೆ ಬಂದ ಪೊಲೀಸರು

ಪ್ರಶ್ನೆ: ನಾವು ಮೈಸೂರಿನವರು. ಲಂಡನ್ನಿನ ಕ್ರಾಯ್ಡನ್‌ಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿ ಕಾಯಂ ಇರಲು ಅನುಮತಿ ಸಿಕ್ಕಿದೆ, ಆದರೆ ಎಲ್ಲರ ಪಾಸ್‌ಪೋರ್ಟೂ ಭಾರತದ್ದೇ. ಮಗನಿಗೆ 17 ವರ್ಷ, ಎ-ಲೆವೆಲ್ ಓದುತ್ತಿದ್ದಾನೆ. ಡ್ರಿಲ್ ರ‍್ಯಾಪ್ ಹುಚ್ಚು ಹಿಡಿದಿದೆ, ಬೀದಿ ಗುಂಪುಗಳ ಜಗಳ, ಚಾಕು, ಬಡಾಯಿಯ ಮಾತು ತುಂಬಿದ ಹಾಡು ಅದು. ಗೆಳೆಯರ ಜೊತೆ ಮುಖ ಮುಚ್ಚಿಕೊಂಡು ಮೂರು ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕಿದ್ದಾನೆ. ಒಂದನ್ನು ಯೂಟ್ಯೂಬಿನವರೇ ತೆಗೆದುಹಾಕಿದರು. ಈಗ ಅದೇ ವಿಡಿಯೊದಲ್ಲಿದ್ದ ಒಬ್ಬ ಹುಡುಗನನ್ನು ಚಾಕು ಇರಿತದ ಕೇಸಿನಲ್ಲಿ ಹಿಡಿದಿದ್ದಾರೆ. ಮೊನ್ನೆ ಪೊಲೀಸರು ಮನೆಗೆ ಬಂದು, ‘ನಿಮ್ಮ ಮಗನ ಜೊತೆ ಸ್ವಲ್ಪ ಮಾತಾಡಬೇಕು, ಮುಂದಿನ ವಾರ ಸ್ಟೇಷನ್ನಿಗೆ ಕರೆದುಕೊಂಡು ಬನ್ನಿ’ ಎಂದು ಹೇಳಿ ಹೋದರು. ನಮ್ಮ ಹುಡುಗ ಅಡುಗೆಮನೆ ಚಾಕು ಬಿಟ್ಟರೆ ಬೇರೆ ಚಾಕು ಮುಟ್ಟಿದವನಲ್ಲ. ಹಾಡಿನಲ್ಲಿ ಮಾತ್ರ ಏನೇನೋ ಹೇಳುತ್ತಾನೆ. ನಮ್ಮ ಯಜಮಾನರು ಎಲ್ಲ ವಿಡಿಯೊ ಅಳಿಸಿ, ಅವನನ್ನು ಮೈಸೂರಿಗೆ ಅಜ್ಜನ ಮನೆಗೆ ಕಳಿಸೋಣ ಎನ್ನುತ್ತಾರೆ. ಮಗ ಡಿಗ್ಗಾ ಡಿ ಎಂಬ ಡ್ರಿಲ್ ಹಾಡುಗಾರನನ್ನು ತೋರಿಸಿ ಬೇರೆಯೇ ವಾದ ಮಾಡುತ್ತಾನೆ: ‘ಡಿಗ್ಗಾ ಡಿ ಜೈಲಿಗೆ ಹೋಗಿ ಬಂದೇ ನಂಬರ್ ಒನ್ ಆಗಿದ್ದು, ನಿಂಗೆ ಗೊತ್ತಾಗಲ್ಲ ಅಮ್ಮಾ.’ ಇದರ ಮಧ್ಯೆ ಮ್ಯಾನೇಜರ್ ಅಂತ ಒಬ್ಬರು ಐದು ವರ್ಷದ ಕರಾರು ಪತ್ರ ಕೊಟ್ಟು ಸಹಿ ಕೇಳುತ್ತಿದ್ದಾರೆ. ಈ ಹಾಡು ಹಾಡುವುದೇ ಅಪರಾಧವೇ? ಹಾಡಿನ ಸಾಲು ಹಿಡಿದು ಜೈಲಿಗೆ ಹಾಕುತ್ತಾರೆಯೇ? ನಾವೇನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಸಂಗೀತದ ವಿಷಯ ಆಮೇಲೆ. ಮೊದಲು ಮುಂದಿನ ವಾರದ ಸ್ಟೇಷನ್ ಭೇಟಿ, ಯಾಕೆಂದರೆ ಅದಕ್ಕೆ ದಿನ ಕಡಿಮೆ ಇದೆ.

‘ಸ್ವಲ್ಪ ಮಾತಾಡಬೇಕು’ ಎನ್ನುವ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆಗೆ ಬಂದ ಅಧಿಕಾರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ನಮ್ಮ ಹುಡುಗ ಸಾಕ್ಷಿಯೋ, ಶಂಕಿತನೋ? ‘ಇಂಟರ್‌ವ್ಯೂ ಅಂಡರ್ ಕಾಷನ್’ (ಕಾನೂನಿನ ಎಚ್ಚರಿಕೆ ಹೇಳಿ ಮಾಡುವ ವಿಚಾರಣೆ) ಎಂಬ ಉತ್ತರ ಬಂದರೆ ಅವನು ಶಂಕಿತ ಎಂದೇ ಅರ್ಥ. ಬಂಧನ ಆಗಿಲ್ಲದಿರಬಹುದು, ಮಾತುಕತೆ ಮುಗಿಸಿ ಮನೆಗೂ ಬರಬಹುದು. ಆದರೆ ಅಲ್ಲಿ ಆಡಿದ ಪ್ರತಿ ಮಾತೂ ರೆಕಾರ್ಡ್ ಆಗುತ್ತದೆ, ಮುಂದೆ ಕೋರ್ಟಿನಲ್ಲಿ ಓದಿಸಬಹುದು. ಇಂಥ ಇಂಟರ್‌ವ್ಯೂಗೆ ಇಂಗ್ಲೆಂಡಿನಲ್ಲಿ ಸಾಲಿಸಿಟರ್, ಅಂದರೆ ವಕೀಲರ, ನೆರವು ಉಚಿತ. ನಿಮ್ಮ ಸಂಬಳ ಎಷ್ಟೇ ಇರಲಿ, ಉಚಿತವೇ. ನಮ್ಮವರು ಅನೇಕರು ‘ನಾವು ತಪ್ಪು ಮಾಡಿಲ್ಲವಲ್ಲ, ಲಾಯರ್ ಯಾಕೆ? ಕರೆದುಕೊಂಡು ಹೋದರೆ ಅನುಮಾನ ಜಾಸ್ತಿ ಆಗುತ್ತೆ’ ಎಂದುಕೊಂಡು ಹೋಗಿಬಿಡುತ್ತಾರೆ. ಹಾಗೇನೂ ಆಗುವುದಿಲ್ಲ. ಲಾಯರ್ ಪಕ್ಕದಲ್ಲಿರುವುದು ಪೊಲೀಸರಿಗೆ ದಿನನಿತ್ಯದ ವಿಷಯ.

ಮಗನಿಗೆ 18 ತುಂಬಿಲ್ಲದ ಕಾರಣ ಒಬ್ಬ ‘ಅಪ್ರೋಪ್ರಿಯೇಟ್ ಅಡಲ್ಟ್’, ಅಂದರೆ ಅವನ ಹಿತ ನೋಡಿಕೊಳ್ಳುವ ದೊಡ್ಡವರು, ಜೊತೆಗಿರಲೇಬೇಕು. ನೀವೇ ಹೋಗಬಹುದು. ಆದರೆ ಒಂದು ಸೂಕ್ಷ್ಮ ಇದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಸಾಲಿಸಿಟರ್ ಜೊತೆ ಮಗ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ, ಕಾನೂನೇ ಅದನ್ನು ಕಾಯುತ್ತದೆ. ತಾಯಿಯ ಹತ್ತಿರ ಆಡಿದ ಮಾತಿಗೆ ಆ ರಕ್ಷಣೆ ಇಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ‘ಆ ದಿನ ನೀನು ಎಲ್ಲಿದ್ದೆ, ನಿಜ ಹೇಳು’ ಎಂದು ಕೇಳಲು ಹೋಗಬೇಡಿ. ಅದನ್ನು ಸಾಲಿಸಿಟರ್ ಕೇಳಲಿ.

ಸುಮ್ಮನಿರುವ ಹಕ್ಕು ಅವನಿಗಿದೆ. ಆದರೆ ಇಲ್ಲಿನ ಕಾನೂನಿನಲ್ಲಿ ಅದಕ್ಕೊಂದು ಬೆಲೆಯೂ ಇದೆ. ಇಂಟರ್‌ವ್ಯೂನಲ್ಲಿ ಹೇಳದೆ ಬಿಟ್ಟ ವಿಷಯವನ್ನು ಮುಂದೆ ಕೋರ್ಟಿನಲ್ಲಿ ಮೊದಲ ಸಲ ಹೇಳಿದರೆ, ‘ಆಗಲೇ ಯಾಕೆ ಹೇಳಲಿಲ್ಲ’ ಎಂದು ಜ್ಯೂರಿ ಅನುಮಾನ ಪಡಬಹುದು. ಉತ್ತರ ಕೊಡಬೇಕೋ, ‘ನೋ ಕಾಮೆಂಟ್’ ಎನ್ನಬೇಕೋ, ಬರೆದ ಹೇಳಿಕೆಯನ್ನು ಓದಿ ಸುಮ್ಮನಾಗಬೇಕೋ ಎನ್ನುವುದನ್ನು ಪೊಲೀಸರ ಬಳಿ ಏನಿದೆ ಎಂದು ನೋಡಿದ ಮೇಲಷ್ಟೇ ತೀರ್ಮಾನಿಸಬೇಕು. ಗೆಳೆಯರ ಗುಂಪಿನಲ್ಲಿ ‘ನೋ ಕಾಮೆಂಟ್ ಅನ್ನು, ಅಷ್ಟೇ’ ಎಂಬ ಪುಕ್ಕಟೆ ಸಲಹೆ ಓಡಾಡುತ್ತಿರುತ್ತದೆ. ಕೆಲವು ಸಲ ಅದು ಸರಿ. ಕೆಲವು ಸಲ ಅದರಿಂದಲೇ ಕೇಸು ಕೆಡುತ್ತದೆ.

ಇನ್ನು ಅಳಿಸುವ ವಿಷಯ. ದಯವಿಟ್ಟು ಏನನ್ನೂ ಅಳಿಸಬೇಡಿ. ವಿಡಿಯೊ ಬೇಡ, ವಾಟ್ಸ್ಯಾಪ್ ಬೇಡ, ಫೋನ್ ರೀಸೆಟ್ ಅಂತೂ ಬೇಡವೇ ಬೇಡ. ತನಿಖೆ ನಡೆಯುತ್ತಿದೆ ಎಂದು ನಿಮಗೆ ಗೊತ್ತಾಗಿದೆ. ಈಗ ಸಾಕ್ಷ್ಯ ಕಾಣೆಯಾದರೆ ಅದೇ ಬೇರೆ ಅಪರಾಧ. ಕೋರ್ಟಿನ ದಾರಿ ತಪ್ಪಿಸಿದ ಆರೋಪ ಅದು, ಇಲ್ಲಿ ಅದನ್ನು ತುಂಬ ಗಂಭೀರವಾಗಿ ನೋಡುತ್ತಾರೆ. ಏನೂ ಮಾಡದ ಹುಡುಗ ಭಯಕ್ಕೆ ಅಳಿಸಿ ಸಿಕ್ಕಿಬೀಳುವುದನ್ನು ನನ್ನಂಥ ಡಿಫೆನ್ಸ್ ವಕೀಲರು ಮತ್ತೆ ಮತ್ತೆ ನೋಡುತ್ತೇವೆ. ಅಳಿಸುತ್ತಿರುವವನು ಅಪ್ಪ ಆದರೂ ಅಷ್ಟೇ, ಆರೋಪ ಅಪ್ಪನ ಮೇಲೆ ಬರುತ್ತದೆ. ಯಜಮಾನರಿಗೆ ಇದನ್ನು ಇವತ್ತೇ ಹೇಳಿ. ವಿಡಿಯೊವನ್ನು ಜನರಿಗೆ ಕಾಣದಂತೆ ಮಾಡಬಹುದೇ ಎಂದು ಸಾಲಿಸಿಟರ್ ಅವರನ್ನು ಕೇಳಿ, ಅವರು ಹೇಳಿದ ಮೇಲೆ ಮಾಡಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಡ್ರಿಲ್ ಹಾಡುವುದು ಅಪರಾಧವಲ್ಲ. ಬ್ರಿಟನ್ನಿನಲ್ಲಿ ಇಂಥ ಸಂಗೀತ ನಿಷೇಧ ಎನ್ನುವ ಕಾನೂನೇ ಇಲ್ಲ. ಯೂಟ್ಯೂಬ್ ಒಂದು ವಿಡಿಯೊ ತೆಗೆದಿದೆ ಎಂದ ಮಾತ್ರಕ್ಕೆ ಅದು ಅಪರಾಧ ಎಂದು ಯಾರೂ ತೀರ್ಪು ಕೊಟ್ಟಂತಲ್ಲ. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು ಕೋರ್ಟಿಗೆ ಹೋಗದೆ ಕಂಪನಿಗಳಿಗೆ ನೇರವಾಗಿ ‘ಇದನ್ನು ಪರಿಶೀಲಿಸಿ’ ಎಂದು ಕೋರುತ್ತಾರೆ. 2021ರ ಜೂನ್‌ನಿಂದ 2022ರ ಮೇವರೆಗಿನ ಒಂದು ವರ್ಷದಲ್ಲಿ ಸಂಗೀತದ ಬಗ್ಗೆ ಅಂಥ 286 ಕೋರಿಕೆ ಹೋಗಿದ್ದವು. ಎಲ್ಲವೂ ಡ್ರಿಲ್ ಬಗ್ಗೆಯೇ! 255 ಸಲ ಹಾಡು ಕಿತ್ತುಹೋಯಿತು. ಈ ಲೆಕ್ಕ ಹೊರಬಿದ್ದದ್ದು ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯ ಮೇಲ್ವಿಚಾರಣಾ ಮಂಡಳಿ ಚಿಂಕ್ಸ್ ಎಂಬ ರ‍್ಯಾಪರನ ಹಾಡಿನ ಪ್ರಕರಣ ನೋಡುವಾಗ. ಪೊಲೀಸರು ಹೇಳಿದ ಮೇಲೆ ಇನ್‌ಸ್ಟಾಗ್ರಾಂನಿಂದ ಆ ಹಾಡನ್ನು ತೆಗೆದದ್ದು ತಪ್ಪು, ವಾಪಸ್ ಹಾಕಿ ಎಂದು ಮಂಡಳಿ 2022ರ ನವೆಂಬರ್‌ನಲ್ಲಿ ಹೇಳಿತು. ಹಾಡಿನಲ್ಲಿ ಹಿಂಸೆಯ ಮಾತಿತ್ತು, ನಿಜವಾದ ಬೆದರಿಕೆ ಇದೆ ಎನ್ನಲು ಸಾಕಷ್ಟು ಆಧಾರ ಇರಲಿಲ್ಲ ಎನ್ನುವುದು ಅದರ ವಾದ.

ಹಾಗಂತ ಪೊಲೀಸರ ಆತಂಕವೆಲ್ಲ ಕಟ್ಟುಕಥೆ ಎಂದೂ ನಾನು ಹೇಳಲಾರೆ. ಡ್ರಿಲ್ ಹುಟ್ಟಿದ್ದು ಶಿಕಾಗೊ ನಗರದ ದಕ್ಷಿಣ ಭಾಗದಲ್ಲಿ, 2010ರ ಆಚೀಚೆ. ಅಲ್ಲಿಂದ ಬ್ರಿಕ್ಸ್‌ಟನ್ ಮುಂತಾದ ದಕ್ಷಿಣ ಲಂಡನ್ನಿನ ಬೀದಿಗಳಿಗೆ ಬಂತು. ಇಲ್ಲಿನ ಹುಡುಗರು ಬೀಟನ್ನು ಬದಲಿಸಿದರು, ಜಾರುವ ಬೇಸ್ ಸೇರಿಸಿದರು. ತಮಾಷೆ ಎಂದರೆ ಆ ಲಂಡನ್ ಬೀಟು ಮತ್ತೆ ಅಮೆರಿಕಕ್ಕೆ ಹೋಗಿ ಬ್ರೂಕ್ಲಿನ್‌ನ ಪಾಪ್ ಸ್ಮೋಕ್‌ನಂಥ ಹಾಡುಗಾರರನ್ನು ಬೆಳೆಸಿತು. ಆದರೆ ಎಲ್ಲಿ ಹೋದರೂ ಒಂದು ಅಭ್ಯಾಸ ಬಿಡಲಿಲ್ಲ. ಎದುರು ಗುಂಪಿನ ಹೆಸರು ಹಿಡಿದು ಕೆಣಕುವುದು, ಪೋಸ್ಟ್‌ಕೋಡ್ ಹೇಳಿ ಸವಾಲು ಹಾಕುವುದು, ಸತ್ತವರನ್ನು ಆಡಿಕೊಳ್ಳುವುದು. ಸತ್ತ ಹುಡುಗನ ತಾಯಿಯೂ ಆ ಹಾಡು ಕೇಳುತ್ತಾಳೆ ಅಲ್ವಾ? ಲಂಡನ್ನಿನಲ್ಲಿ ಕೆಲವು ಡ್ರಿಲ್ ಹುಡುಗರು ನಿಜವಾಗಿ ಕೊಲೆಯಾಗಿದ್ದಾರೆ, ಕೆಲವರು ಕೊಲೆ ಮಾಡಿ ಒಳಗಿದ್ದಾರೆ. ಆದರೆ ಹಾಡೇ ಕೊಲೆಗೆ ಕಾರಣ ಎನ್ನುವುದು ಬೇರೆ ಮಾತು. 2020ರಲ್ಲಿ ಸಂಶೋಧಕರು ಲಂಡನ್ನಿನ ನೂರಾರು ಡ್ರಿಲ್ ಹಾಡುಗಳ ಸಾಹಿತ್ಯವನ್ನು ಪೊಲೀಸರ ಅಪರಾಧ ಲೆಕ್ಕದ ಜೊತೆ ಇಟ್ಟು ನೋಡಿದರು. ಹಾಡು ಕಠೋರವಾದಷ್ಟೂ ಹಿಂಸೆ ಏರಿತು ಎನ್ನಲು ಅವರಿಗೆ ಆಧಾರ ಸಿಗಲಿಲ್ಲ.

ಹಾಗಾದರೆ ಡ್ರಿಲ್‌ಗೇ ಯಾಕೆ ಕೇಸು ಅಂಟಿಕೊಳ್ಳುತ್ತದೆ? ನಮ್ಮ ಸಿನಿಮಾದಲ್ಲಿ ಹೀರೊ ಲಾಂಗು ಹಿಡಿದು ಹತ್ತು ಜನರನ್ನು ಕೆಡವುತ್ತಾನೆ. ಅವನ ಮನೆಗೆ ಯಾರೂ ಪೊಲೀಸರನ್ನು ಕಳಿಸುವುದಿಲ್ಲ, ಅದು ಪಾತ್ರ ಎಂದು ಎಲ್ಲರಿಗೂ ಗೊತ್ತು. ಡ್ರಿಲ್‌ನಲ್ಲಿ ಪಾತ್ರಕ್ಕೂ ಹುಡುಗನಿಗೂ ನಡುವಿನ ಗೆರೆಯನ್ನು ಹಾಡುಗಾರನೇ ಅಳಿಸುತ್ತಾನೆ. ‘ನಾನು’ ಎಂದೇ ಹಾಡುತ್ತಾನೆ, ತನ್ನದೇ ಬೀದಿಯ ಹೆಸರು ಹೇಳುತ್ತಾನೆ, ‘ನಾನು ಸುಳ್ಳು ಹೇಳೋನಲ್ಲ’ ಎಂದು ಬೇರೆ ಸೇರಿಸುತ್ತಾನೆ. ಯಾಕೆಂದರೆ ‘ಇವನು ನಿಜವಾದವನು’ ಎನಿಸಿದರೆ ಮಾತ್ರ ಜನ ನೋಡುತ್ತಾರೆ. ನಿಮ್ಮ ಮಗನೂ ಅದನ್ನೇ ಮಾಡುತ್ತಿದ್ದಾನೆ. ಅವನ ವಯಸ್ಸಿನ ಅರ್ಧ ಲಂಡನ್ ಅದನ್ನೇ ಮಾಡುತ್ತಿದೆ. ಈ ಬಡಾಯಿ ಮಾರುಕಟ್ಟೆಯಲ್ಲಿ ಲಾಭ, ಕೋರ್ಟಿನಲ್ಲಿ ನಷ್ಟ.

ಕೋರ್ಟಿನಲ್ಲಿ ಹಾಡು ಹೇಗೆ ಬಳಕೆಯಾಗುತ್ತದೆ? ಸಾಲು ಬರೆದದ್ದಕ್ಕೇ ಶಿಕ್ಷೆ ಎನ್ನುವುದು ತೀರ ಅಪರೂಪ. ಬೇರೊಂದು ಅಪರಾಧದ ಆರೋಪ ಇರುತ್ತದೆ. ಅದಕ್ಕೆ ಬೆಂಬಲವಾಗಿ ಹಾಡನ್ನು ಪ್ಲೇ ಮಾಡುತ್ತಾರೆ. ಇವನಿಗೆ ಈ ಗ್ಯಾಂಗಿನ ನಂಟಿದೆ, ಆ ಗ್ಯಾಂಗಿನ ಮೇಲೆ ದ್ವೇಷವಿದೆ, ಆಯುಧದ ಗೀಳಿದೆ ಎಂದು ತೋರಿಸಲು. ಪ್ರಾಸಿಕ್ಯೂಷನ್ ಇದನ್ನು ‘ಬ್ಯಾಡ್ ಕ್ಯಾರೆಕ್ಟರ್’ (ಆರೋಪಿಯ ಕೆಟ್ಟ ನಡತೆ) ಸಾಕ್ಷ್ಯದ ನಿಯಮದಡಿ ತರುತ್ತದೆ, ಅದು 2003ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯಲ್ಲಿದೆ. ಹಾಡಿನ ಬೀದಿಭಾಷೆಗೆ ಅರ್ಥ ಹೇಳಲು ಎಷ್ಟೋ ಸಲ ಒಬ್ಬ ಪೊಲೀಸ್ ಅಧಿಕಾರಿಯೇ ತಜ್ಞನಾಗಿ ಕಟಕಟೆಗೆ ಬರುತ್ತಾನೆ. ಇದು ನನಗೆ ಯಾವತ್ತೂ ಸರಿ ಕಂಡಿಲ್ಲ. ತನಿಖೆ ಮಾಡುವ ಇಲಾಖೆಯವರೇ ಕವಿತೆಯ ಅರ್ಥವನ್ನೂ ಹೇಳುವುದು ಯಾವ ನ್ಯಾಯ? ಈಗ ಡಿಫೆನ್ಸ್ ಕಡೆಯಿಂದಲೂ ವಿಶ್ವವಿದ್ಯಾಲಯದ ಸಂಗೀತ ತಜ್ಞರನ್ನು ಕರೆಸುತ್ತೇವೆ. ಕೆಲವು ನ್ಯಾಯಾಧೀಶರು ಹಾಡನ್ನು ಹೊರಗಿಡುತ್ತಾರೆ, ಹಲವರು ಒಳಗೆ ಬಿಡುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2023ರ ಜನವರಿಯಿಂದ ಇದಕ್ಕೆ ಕಡಿವಾಣ ಹಾಕುವ ಕಾನೂನಿದೆ. ಅಂಥದ್ದೇ ಒಂದು ಇಂಗ್ಲೆಂಡಿಗೂ ಬೇಕು ಎಂದು ಇಲ್ಲಿನ ವಕೀಲರೂ ಪ್ರಾಧ್ಯಾಪಕರೂ ಒತ್ತಾಯಿಸುತ್ತಲೇ ಇದ್ದಾರೆ.

ಕೇಳುವವರ ಪೂರ್ವಗ್ರಹ ಎಷ್ಟಿರುತ್ತದೆ ಎನ್ನುವುದಕ್ಕೆ ಒಂದು ಹಳೆಯ ಪ್ರಯೋಗ ನೆನಪಾಗುತ್ತದೆ. 1990ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಿ ಫ್ರೈಡ್ ಪೊಲೀಸನನ್ನು ಕೊಂದವನ ಕಥೆ ಹೇಳುವ ಒಂದು ಜಾನಪದ ಶೈಲಿಯ ಹಾಡಿನ ಸಾಲುಗಳನ್ನು ಜನರಿಗೆ ಓದಲು ಕೊಟ್ಟರು. ಕೆಲವರಿಗೆ ‘ಇದು ಕಂಟ್ರಿ ಹಾಡು’ ಎಂದರು, ಕೆಲವರಿಗೆ ‘ಇದು ರ‍್ಯಾಪ್’ ಎಂದರು. ಸಾಲು ಅವೇ. ರ‍್ಯಾಪ್ ಎಂದುಕೊಂಡವರಿಗೆ ಅದು ಹೆಚ್ಚು ಅಪಾಯಕಾರಿ ಎನಿಸಿತು. ಜ್ಯೂರಿಯಲ್ಲಿ ಕೂರುವವರೂ ಅಂಥವರೇ ಅಲ್ವಾ?

ನಿಮ್ಮ ಮಗನ ವಿಷಯದಲ್ಲಿ ನನಗೆ ಸಾಲಿಗಿಂತ ಜಾಸ್ತಿ ಚಿಂತೆ ಇರುವುದು ಫ್ರೇಮಿನ ಬಗ್ಗೆ. ವಿಡಿಯೊದಲ್ಲಿ ಪಕ್ಕದಲ್ಲಿ ಯಾರು ನಿಂತಿದ್ದಾರೆ? ಯಾವ ಬೀದಿ? ಕೈಯಲ್ಲಿ ಏನಿದೆ? ಯಾವ ತಾರೀಕು? ಗುಂಪಾಗಿ ಮಾಡಿದ ಅಪರಾಧ ಎಂದು ಹಲವರನ್ನು ಒಟ್ಟಿಗೆ ಆರೋಪಿ ಮಾಡುವ ಪದ್ಧತಿ ಇಲ್ಲಿದೆ, ಅದಕ್ಕೆ ‘ಜಾಯಿಂಟ್ ಎಂಟರ್‌ಪ್ರೈಸ್’ ಎನ್ನುತ್ತಾರೆ. 2016ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಈ ಕಾನೂನನ್ನು ಸ್ವಲ್ಪ ಬಿಗಿ ಮಾಡಿತು. ಏನಾದರೂ ಆಗಬಹುದೆಂದು ಗೊತ್ತಿದ್ದರಷ್ಟೇ ಸಾಲದು, ಸಹಾಯ ಮಾಡುವ ಅಥವಾ ಹುರಿದುಂಬಿಸುವ ಉದ್ದೇಶ ಇರಬೇಕು ಎಂದಿತು. ಆದರೂ ‘ಇವರೆಲ್ಲ ಒಂದೇ ಗುಂಪು’ ಎಂದು ತೋರಿಸಲು ಮುಸುಕು ಹಾಕಿದ ಹುಡುಗರ ವಿಡಿಯೊ ಪ್ರಾಸಿಕ್ಯೂಷನ್‌ಗೆ ತುಂಬ ಅನುಕೂಲ. ಇರಿತ ನಡೆದಾಗ ನಿಮ್ಮ ಮಗ ಎಲ್ಲಿದ್ದ, ಅದಕ್ಕೆ ಆಧಾರ ಏನಿದೆ? ಬಸ್ಸು-ರೈಲಿನ ಆಯ್ಸ್ಟರ್ ಕಾರ್ಡು, ಕಾಲೇಜಿನ ಹಾಜರಿ, ಅಂಗಡಿಯ ರಸೀದಿ. ಇವೆಲ್ಲ ಹಾಡಿನ ಅರ್ಥ ವಿವರಣೆಗಿಂತ ನೂರು ಪಾಲು ಮುಖ್ಯ. ಈಗಲೇ ಹುಡುಕಿ ಜೋಪಾನವಾಗಿಟ್ಟು ಸಾಲಿಸಿಟರ್ ಅವರಿಗೆ ಕೊಡಿ. ಫೋನನ್ನು ಪೊಲೀಸರು ತೆಗೆದುಕೊಂಡು ಪಿನ್ ಕೇಳಬಹುದು. ಕಾನೂನುಬದ್ಧ ನೋಟಿಸ್ ಕೊಟ್ಟ ಮೇಲೂ ಪಿನ್ ಕೊಡದಿದ್ದರೆ ಅದೂ ಅಪರಾಧವೇ.

ಇನ್ನು ಮಗನ ವಾದ, ಡಿಗ್ಗಾ ಡಿ. ಅವನ ಮಾತನ್ನು ಸುಳ್ಳು ಎಂದು ತಳ್ಳಿಹಾಕಬೇಡಿ. 2022ರಲ್ಲಿ ಡಿಗ್ಗಾ ಡಿಯ ಮಿಕ್ಸ್‌ಟೇಪ್ ಬ್ರಿಟನ್ನಿನ ಆಲ್ಬಂ ಚಾರ್ಟಿನಲ್ಲಿ ನಿಜವಾಗಿಯೂ ಮೊದಲ ಸ್ಥಾನಕ್ಕೆ ಬಂತು. ಹೆಡಿ ಒನ್ ಎಂಬ ಇನ್ನೊಬ್ಬ ರ‍್ಯಾಪರ್ 2020ರ ಜನವರಿಯಲ್ಲಿ ಚಾಕು ಇಟ್ಟುಕೊಂಡ ತಪ್ಪಿಗೆ ಆರು ತಿಂಗಳ ಶಿಕ್ಷೆ ಪಡೆದ, ಅದೇ ವರ್ಷ ಅಕ್ಟೋಬರ್‌ನಲ್ಲಿ ಅವನ ಆಲ್ಬಂ ನಂಬರ್ ಒನ್. ಇದೆಲ್ಲ ನಿಜ. ಆದರೆ ಮಗನಿಗೆ ಡಿಗ್ಗಾ ಡಿಯ ಕಥೆಯನ್ನು ಪೂರ್ತಿ ಹೇಳಲು ಹೇಳಿ.

ಪಶ್ಚಿಮ ಲಂಡನ್ನಿನ ಲ್ಯಾಡ್‌ಬ್ರೋಕ್ ಗ್ರೋವ್‌ನ ಹುಡುಗ. 1011 ಎಂಬ ಗುಂಪಿನಲ್ಲಿ ಹಾಡುತ್ತಿದ್ದ. 2017ರ ನವೆಂಬರ್‌ನಲ್ಲಿ ಗುಂಪಿನವರು ಮಚ್ಚು, ಬೇಸ್‌ಬಾಲ್ ಬ್ಯಾಟ್ ಸಮೇತ ಸಿಕ್ಕಿಬಿದ್ದರು. ಆಗ ಅವನಿಗೂ 17 ವರ್ಷ, ನಿಮ್ಮ ಮಗನಷ್ಟೇ. 2018ರಲ್ಲಿ ಐವರಿಗೆ ಶಿಕ್ಷೆಯಾಯಿತು. ಜೈಲು ಒಂದು ಕಡೆ ಇರಲಿ, ಅದು ಒಂದು ದಿನ ಮುಗಿಯುತ್ತದೆ. ಅದರ ಜೊತೆ ಬಂದದ್ದು ‘ಕ್ರಿಮಿನಲ್ ಬಿಹೇವಿಯರ್ ಆರ್ಡರ್’ ಎಂಬ ಕೋರ್ಟಿನ ಆದೇಶ. ಹೊಸ ವಿಡಿಯೊ ಹಾಕಿದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಕಾರ್ಯಕ್ರಮ ಅಥವಾ ರೆಕಾರ್ಡಿಂಗ್ ಇದ್ದರೆ 48 ಗಂಟೆ ಮೊದಲೇ ಎಲ್ಲಿ, ಯಾವಾಗ ಎಂದು ಹೇಳಬೇಕು. ಯಾವ ಬೀದಿ, ಯಾವ ಗುಂಪು, ಯಾವ ಘಟನೆ ಹಾಡಿನಲ್ಲಿ ಬರಬಾರದು ಎನ್ನುವುದಕ್ಕೂ ಷರತ್ತು. ಇಂಥ ಆದೇಶ ಮೀರಿದರೆ ಐದು ವರ್ಷದವರೆಗೆ ಜೈಲು ಹಾಕಬಹುದು.

ಇದರ ಅರ್ಥವನ್ನು ಸ್ವಲ್ಪ ಯೋಚಿಸಿ. ಬೇರೆ ಯಾರಾದರೂ ಹಾಡಿದರೆ ಅದು ಬರೀ ಹಾಡು. ಅವನು ಹಾಡಿದರೆ ಆದೇಶದ ಉಲ್ಲಂಘನೆ. ನಾನು ಇಷ್ಟು ಹೊತ್ತು ‘ಡ್ರಿಲ್ ಅಪರಾಧವಲ್ಲ’ ಎಂದೆನಲ್ಲ, ಇಂಥ ಆದೇಶ ಬಿದ್ದವನಿಗೆ ಅದು ನಿಲ್ಲುವುದಿಲ್ಲ. ಅವನು ಹಲವು ಸಲ ಮತ್ತೆ ಒಳಗೆ ಹೋಗಿ ಬಂದ. 2020ರಲ್ಲಿ ಬಿಬಿಸಿ ಅವನ ಬಗ್ಗೆ ಸಾಕ್ಷ್ಯಚಿತ್ರವನ್ನೇ ಮಾಡಿತು, ಹೀಗೆ ಕಾವಲಿನಲ್ಲಿ ಇದ್ದುಕೊಂಡು ಹಾಡು ಮಾಡುವ ಪಾಡು ಏನು ಎಂದು ತೋರಿಸಲು. ನಂಬರ್ ಒನ್ ಬಂದದ್ದು ಇಷ್ಟರ ಮಧ್ಯೆಯೇ. ಅದಾದ ಮೇಲೆ? 2024ರಲ್ಲಿ ಇನ್‌ಸ್ಟಾಗ್ರಾಂನಲ್ಲಿ ಲೈವ್ ಇದ್ದಾಗಲೇ ಪೊಲೀಸರು ಲಿಂಕನ್‌ಷೈರ್‌ನ ಮನೆಗೆ ನುಗ್ಗಿದರು. ಈ ಸಲ ಹಾಡಿನ ಮಾತೇ ಇಲ್ಲ, ಗಾಂಜಾ ಕೇಸು. ಸುಮಾರು ನಾಲ್ಕು ವರ್ಷದ ಶಿಕ್ಷೆ ಬಿತ್ತು. ಈ ಕೊನೆಯ ಭಾಗಕ್ಕೆ ಸಂಗೀತವನ್ನೂ ಪೊಲೀಸರ ಪೂರ್ವಗ್ರಹವನ್ನೂ ದೂರಲು ಆಗುವುದಿಲ್ಲ. 1011ರಲ್ಲಿ ಶಿಕ್ಷೆಯಾದ ಐವರಲ್ಲಿ ಚಾರ್ಟಿನ ತುದಿಗೆ ಹೋದವನು ಒಬ್ಬನೇ ಎನ್ನುವುದನ್ನೂ ಮಗನಿಗೆ ನೆನಪಿಸಿ. ಜೈಲಿನಿಂದಾಗಿ ಅವನು ಗೆದ್ದನೇ, ಜೈಲಿದ್ದರೂ ಗೆದ್ದನೇ? ನನಗಂತೂ ಎರಡನೆಯದೇ ಎನಿಸುತ್ತದೆ. ಅವನಿಗೆ ಪ್ರತಿಭೆ ಇದೆ, ತಮಾಷೆ ಗೊತ್ತು, ಪದ ಕಟ್ಟುವುದು ಗೊತ್ತು.

ಅಪರಾಧ ಸಾಬೀತಾಗದೆಯೂ ಆದೇಶ ಬೀಳಬಹುದು ಎನ್ನುವುದು ಅನೇಕರಿಗೆ ಗೊತ್ತಿಲ್ಲ. ‘ಗ್ಯಾಂಗ್ ಇಂಜಂಕ್ಷನ್’ ಸಿವಿಲ್ ಆದೇಶ. 14 ವರ್ಷ ದಾಟಿದವರ ಮೇಲೆ ತರಬಹುದು. ಇದಕ್ಕೆ ಕ್ರಿಮಿನಲ್ ಕೇಸಿನಷ್ಟು ಗಟ್ಟಿ ಪುರಾವೆ ಬೇಕಿಲ್ಲ. ಬ್ರಿಕ್ಸ್‌ಟನ್‌ನ ಸ್ಕೆಂಗ್ಡೊ ಮತ್ತು ಎಎಂ ಎಂಬ ಜೋಡಿ ಇಂಥ ಆದೇಶದಡಿ ಇದ್ದಾಗ 2018ರ ಡಿಸೆಂಬರ್‌ನಲ್ಲಿ ಲಂಡನ್ನಿನ ಒಂದು ಕಾರ್ಯಕ್ರಮದಲ್ಲಿ ತಮ್ಮದೇ ಹಾಡು ಹಾಡಿತು. ಅದರ ತುಣುಕು ಆನ್‌ಲೈನಿಗೆ ಬಂತು. 2019ರ ಜನವರಿಯಲ್ಲಿ ಒಂಬತ್ತು ತಿಂಗಳ ಶಿಕ್ಷೆ, ಎರಡು ವರ್ಷ ಅಮಾನತಿನಲ್ಲಿ. ಹಾಡಿದ್ದಕ್ಕೇ ಶಿಕ್ಷೆಯಾದ ಪ್ರಕರಣ ಬೇಕು ಎಂದರೆ ಇದೇ. ಹಾಗಾಗಿ ಪೊಲೀಸರೋ ಕೌನ್ಸಿಲ್‌ನವರೋ ಮುಂದೆ ‘ಒಂದು ಸಣ್ಣ ಕಾಗದ, ಸಹಿ ಹಾಕಿ, ಹುಡುಗನಿಗೇ ಒಳ್ಳೆಯದು’ ಎಂದರೆ ಸಾಲಿಸಿಟರ್ ನೋಡದೆ ಒಪ್ಪಬೇಡಿ. ಷರತ್ತುಗಳನ್ನು ಆಗ ಚೌಕಾಸಿ ಮಾಡಬಹುದು. ಒಪ್ಪಿದ ಮೇಲೆ ಬದಲಿಸುವುದು ಬಲು ಕಷ್ಟ.

ಶಿಕಾಗೊದ ಚೀಫ್ ಕೀಫ್ ಕಥೆಯನ್ನೂ ಹೇಳಬೇಕು, ಇಡೀ ಡ್ರಿಲ್‌ಗೆ ಅವನೇ ಮೊದಲ ತಾರೆ. ಹದಿನಾರರ ವಯಸ್ಸಿನಲ್ಲಿ ಅಜ್ಜಿ ಮನೆಯಲ್ಲಿ ಗೃಹಬಂಧನದಲ್ಲಿದ್ದಾಗಲೇ ಅಲ್ಲಿಂದ ಮಾಡಿದ ವಿಡಿಯೊಗಳಿಂದ ಹೆಸರಾದ. 2012ರಲ್ಲಿ ದೊಡ್ಡ ಕಂಪನಿ ಇಂಟರ್‌ಸ್ಕೋಪ್ ಕರಾರು ಮಾಡಿಕೊಂಡಿತು. ಮರುವರ್ಷ ಜನವರಿಯಲ್ಲಿ ಒಂದು ಸಂಗೀತ ಪತ್ರಿಕೆಯವರು ಅವನನ್ನು ಗನ್ ರೇಂಜಿಗೆ ಕರೆದುಕೊಂಡು ಹೋಗಿ ಚಿತ್ರಿಸಿದ ಸಂದರ್ಶನದಿಂದಾಗಿ ಪ್ರೊಬೇಷನ್ ಮುರಿದ ಎಂದು 60 ದಿನ ಒಳಗೆ ಹೋದ. ಸಂದರ್ಶನದ ಐಡಿಯಾ ದೊಡ್ಡವರದ್ದು, ಜೈಲು ಹುಡುಗನದ್ದು! 2015ರಲ್ಲಂತೂ ಶಿಕಾಗೊಗೆ ಬರಲಾಗದೆ ಕ್ಯಾಲಿಫೋರ್ನಿಯಾದಿಂದ ಹೊಲೊಗ್ರಾಂ ರೂಪದಲ್ಲಿ ಪಕ್ಕದ ಇಂಡಿಯಾನಾ ರಾಜ್ಯದ ಹ್ಯಾಮಂಡ್‌ನಲ್ಲಿ ಹಾಡಲು ಹೊರಟ. ಪೊಲೀಸರು ಅದನ್ನೂ ಕರೆಂಟ್ ತೆಗೆದು ನಿಲ್ಲಿಸಿದರು. ಬೆಳಕಿನ ಬೊಂಬೆಗೂ ವೇದಿಕೆ ಇಲ್ಲ! ಕಾರ್ಯಕ್ರಮ ರದ್ದಾಗುವುದು ಈ ಹಾಡುಗಾರರ ಹೊಟ್ಟೆಪಾಡಿಗೆ ಬೀಳುವ ದೊಡ್ಡ ಏಟು. 2019ರಲ್ಲಿ ನ್ಯೂಯಾರ್ಕ್ ಪೊಲೀಸರು ಒಂದೇ ಸಂಗೀತೋತ್ಸವದಿಂದ ಪಾಪ್ ಸ್ಮೋಕ್ ಸೇರಿ ಐವರನ್ನು ತೆಗೆಸಿದರು. ಸಿಡ್ನಿಯ ಒನ್‌ಫೋರ್ ತಂಡಕ್ಕೂ ಅಲ್ಲಿನ ಪೊಲೀಸರಿಂದಾಗಿ ಪ್ರವಾಸವೇ ಕೈಬಿಟ್ಟುಹೋಯಿತು.

ಪಾಪ್ ಸ್ಮೋಕ್ ಹೆಸರು ಬಂತು, ಇನ್ನೊಂದು ಮಾತು. 2020ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ತಂಗಿದ್ದ ಮನೆಗೆ ದರೋಡೆಕೋರರು ನುಗ್ಗಿ ಅವನನ್ನು ಕೊಂದರು. 20 ವರ್ಷದ ಹುಡುಗ. ಉಡುಗೊರೆಯ ಚೀಲದ ಫೋಟೊ ಹಾಕಿದ್ದ, ಅದರ ಮೇಲೆ ಆ ಮನೆಯ ವಿಳಾಸ ಕಾಣುತ್ತಿತ್ತು. ನಿಮ್ಮ ಮಗನ ಹಿಂದಿನ ವಿಡಿಯೊಗಳಲ್ಲಿ ನಿಮ್ಮ ಬೀದಿ, ಬಾಗಿಲು, ಬಸ್ ಸ್ಟಾಪು ಕಾಣುತ್ತದೆಯೇ? ಇದು ಕೋರ್ಟಿಗಿಂತ ದೊಡ್ಡ ಅಪಾಯ. ಇನ್ನು ಮುಂದೆ ಮನೆಯ ಸುತ್ತಮುತ್ತ ಚಿತ್ರೀಕರಣ ಬೇಡ.

ಈಗ ಪಾಸ್‌ಪೋರ್ಟ್ ಮಾತು. ನೀವು ಇದನ್ನು ಕೇಳಿಲ್ಲ, ಆದರೆ ನಾನು ಹೇಳಲೇಬೇಕು. ಭಾರತ ಎರಡು ಪೌರತ್ವ ಕೊಡುವುದಿಲ್ಲ, ಆದ್ದರಿಂದ ನಮ್ಮ ಅಪ್ಪಂದಿರು ‘ಇನ್ನೊಂದೆರಡು ವರ್ಷ ನೋಡೋಣ’ ಎಂದು ಬ್ರಿಟಿಷ್ ಪೌರತ್ವವನ್ನು ಮುಂದೂಡುತ್ತಲೇ ಇರುತ್ತಾರೆ. ಸಾಮಾನ್ಯ ದಿನಗಳಲ್ಲಿ ಅದರಿಂದ ಏನೂ ತೊಂದರೆ ಇಲ್ಲ. ಕ್ರಿಮಿನಲ್ ಕೇಸು ಬಂದ ದಿನ ಎಲ್ಲವೂ ಬದಲಾಗುತ್ತದೆ. ಬ್ರಿಟಿಷ್ ಅಲ್ಲದವನಿಗೆ 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಜೈಲು ಶಿಕ್ಷೆಯಾದರೆ, 2007ರ ಕಾಯ್ದೆಯ ಪ್ರಕಾರ ಗಡೀಪಾರು ಆದೇಶವೇ ಇಲ್ಲಿ ನಿಯಮ. ಕಾಯಂ ಇರಲು ಅನುಮತಿ ಇದ್ದರೂ ಅದು ಕಾಪಾಡುವುದಿಲ್ಲ. ಅಪರಾಧಿ ಎಂದು ತೀರ್ಮಾನವಾದ ದಿನ 18 ತುಂಬಿರದವರಿಗೆ ಈ ನಿಯಮದಿಂದ ವಿನಾಯಿತಿ ಇದೆ. ಗಮನಿಸಿ, ಲೆಕ್ಕಕ್ಕೆ ಬರುವುದು ಘಟನೆ ನಡೆದ ದಿನವಲ್ಲ, ತೀರ್ಮಾನದ ದಿನ. ಮಗನಿಗೆ 18 ತುಂಬಲು ಜಾಸ್ತಿ ಸಮಯ ಇಲ್ಲ. ಕುಟುಂಬ, ಇಲ್ಲೇ ಬೆಳೆದದ್ದು ಎಂಬ ವಾದಗಳನ್ನು ಮುಂದೆ ಮಾಡಬಹುದು, ಗೆದ್ದವರೂ ಇದ್ದಾರೆ. ಆದರೆ ಅಲ್ಲಿಯವರೆಗೆ ಹೋಗುವುದೇ ನರಕ. ಮುಂದೆ ಪೌರತ್ವಕ್ಕೆ ಅರ್ಜಿ ಹಾಕಿದರೂ ‘ಒಳ್ಳೆಯ ನಡತೆ’ ಎಂಬ ಪರೀಕ್ಷೆ ಇದೆ, 10 ವರ್ಷ ದಾಟಿದ ಮಕ್ಕಳಿಗೂ. ಸಣ್ಣ ವಿಷಯ ಮುಗಿಸಿಬಿಡೋಣ ಎಂದು ಪೊಲೀಸರು ‘ಕಾಷನ್’ (ಕೋರ್ಟಿಗೆ ಹೋಗದೆ ಕೊಡುವ ಅಧಿಕೃತ ಎಚ್ಚರಿಕೆ) ಕೊಡಲು ಬಂದರೂ ಹೂಂ ಎನ್ನುವ ಮೊದಲು ಇಮಿಗ್ರೇಷನ್ ಗೊತ್ತಿರುವ ವಕೀಲರನ್ನೂ ಕೇಳಿ. ಅದು ತಪ್ಪೊಪ್ಪಿಗೆ ಇದ್ದಂತೆ, ದಾಖಲೆಯಲ್ಲಿ ಉಳಿಯುತ್ತದೆ. ನಿಮ್ಮ ಕ್ರಿಮಿನಲ್ ಸಾಲಿಸಿಟರ್‌ಗೆ ಮೊದಲ ದಿನವೇ ‘ಮಗ ಭಾರತದ ಪ್ರಜೆ’ ಎಂದು ಹೇಳಿ. ಅವರು ಕೇಳದೆ ಬಿಟ್ಟರೂ ನೀವೇ ಹೇಳಿ.

ಮ್ಯಾನೇಜರ್ ಕರಾರಿಗೆ ಈ ತಿಂಗಳು ಸಹಿ ಬೇಡ. ಕೇಸಿನ ಗದ್ದಲದಲ್ಲಿ ಯಾವ ಕರಾರಿಗೂ ಸಹಿ ಹಾಕಬಾರದು, ಇದಕ್ಕಂತೂ ಅವಸರವೇ ಇಲ್ಲ. ಅಪ್ರಾಪ್ತ ವಯಸ್ಸಿನವನ ಕರಾರು ಒಟ್ಟಾರೆ ಅವನ ಹಿತಕ್ಕೆ ಇದ್ದರೆ ಮಾತ್ರ ಇಲ್ಲಿನ ಕಾನೂನಿನಲ್ಲಿ ನಿಲ್ಲುತ್ತದೆ. ಅದಕ್ಕೇ ಕೆಲವರು 18 ತುಂಬಿದ ಮರುದಿನವೇ ಹೊಸ ಸಹಿ ಕೇಳುತ್ತಾರೆ, ಎಚ್ಚರ. ಮ್ಯಾನೇಜರುಗಳ ಪಾಲು ಸಾಮಾನ್ಯವಾಗಿ ಗಳಿಕೆಯ 15 ರಿಂದ 20 ಶೇಕಡಾ. ಅದಕ್ಕಿಂತ ಹೆಚ್ಚಿದೆಯೇ? ರೆಕಾರ್ಡಿಂಗ್‌ನ ಮಾಲೀಕತ್ವವನ್ನೂ ಸಾಹಿತ್ಯದ ಹಕ್ಕನ್ನೂ ಅವರಿಗೇ ಬರೆದುಕೊಡಬೇಕೆಂದು ಎಲ್ಲಾದರೂ ಸಣ್ಣ ಅಕ್ಷರದಲ್ಲಿದೆಯೇ? ಮ್ಯಾನೇಜರ್‌ಗೆ ಅದು ಸೇರಬೇಕಾದ್ದೇ ಅಲ್ಲ. ಮ್ಯುಸಿಷಿಯನ್ಸ್ ಯೂನಿಯನ್ ತನ್ನ ಸದಸ್ಯರ ಕರಾರು ಓದಿ ಸಲಹೆ ಕೊಡುತ್ತದೆ. ಬೀಟು ಯಾರದ್ದು, ಆನ್‌ಲೈನಿನಲ್ಲಿ ಬಾಡಿಗೆಗೆ ಕೊಂಡದ್ದೇ ಎಂದೂ ಮಗನನ್ನು ಕೇಳಿ. ಹಾಡು ಓಡಿದ ಮೇಲೆ ಬೀಟಿನ ಯಜಮಾನ ಬಂದು ನಿಲ್ಲುತ್ತಾನೆ. ಈ ಮನುಷ್ಯ ಇನ್ನೂ ಒಂದು ಮಾತು ಹೇಳಿರಬಹುದು: ‘ಕೇಸು ಒಳ್ಳೆಯದೇ, ಪಬ್ಲಿಸಿಟಿ ಸಿಗುತ್ತೆ.’ ಹೇಳಿದ್ದರೆ ಕರಾರು ಓದುವ ಅಗತ್ಯವೂ ಇಲ್ಲ, ವಾಪಸ್ ಕೊಡಿ.

ಮಗ ಹಾಡುವುದನ್ನೇ ಬಿಡಬೇಕೇ? ನಾನು ಬಿಡು ಎನ್ನುವುದಿಲ್ಲ. ಬಿಡು ಎಂದರೆ ನಿಮ್ಮ ಕಣ್ಣು ತಪ್ಪಿಸಿ ಹಾಡುತ್ತಾನೆ, ಅದು ಇನ್ನೂ ಕೆಟ್ಟದ್ದು. ತನಿಖೆ ಮುಗಿಯುವವರೆಗೆ ಹೊಸದೇನನ್ನೂ ಹಾಕದಿರಲಿ. ಕೇಸಿನ ಬಗ್ಗೆ, ಆ ಹುಡುಗನ ಬಗ್ಗೆ ಒಂದು ಸ್ಟೋರಿಯೂ ಬೇಡ, ಒಂದು ಎಮೋಜಿಯೂ ಬೇಡ. ಬರೆಯುವುದಾದರೆ ಬರೆಯಲಿ, ಆದರೆ ಫೋನಿನ ನೋಟ್ಸ್‌ನಲ್ಲಿ ಬರೆದ ಸಾಲೂ ಸಾಕ್ಷ್ಯವಾಗಬಹುದು ಎಂದು ಗೊತ್ತಿರಲಿ. ಆಮೇಲೆ ಮತ್ತೆ ಶುರು ಮಾಡಿದಾಗ ನಿಜವಾದ ಜನ, ನಿಜವಾದ ಘಟನೆ, ಆಯುಧ, ಮುಸುಕು ಇವಿಷ್ಟನ್ನು ಬಿಟ್ಟರೆ ಕಾನೂನಿನ ಮುಕ್ಕಾಲು ಪಾಲು ತೊಂದರೆ ಹೋಗುತ್ತದೆ. ಅಷ್ಟು ಬಿಟ್ಟರೆ ಡ್ರಿಲ್‌ನಲ್ಲಿ ಏನು ಉಳಿಯುತ್ತೆ ಎಂದು ಅವನು ಕೇಳಬಹುದು. ಬೀಟು ಉಳಿಯುತ್ತದೆ, ಅವನ ನಾಲಿಗೆ ಉಳಿಯುತ್ತದೆ. ಚಾರ್ಟಿಗೆ ಹೋದ ಡ್ರಿಲ್‌ನಲ್ಲಿ ಹುಡುಗಿಯರ ಬಗ್ಗೆ, ದುಡ್ಡಿನ ಬಗ್ಗೆ, ತಮಾಷೆಗೆ ಹಾಡಿದ್ದೂ ಸಾಕಷ್ಟಿದೆ.

ಕೊನೆಗೆ ಮೈಸೂರು. ಅಜ್ಜನ ಮನೆಗೆ ಕಳಿಸುವ ಆಸೆ ನನಗೆ ಅರ್ಥವಾಗುತ್ತದೆ. ಇಂಥ ಹೊತ್ತಲ್ಲಿ ನಮ್ಮ ಎಲ್ಲ ಮನೆಯಲ್ಲೂ ಮೊದಲು ಬರುವ ಯೋಚನೆ ಅದೇ. ಈಗ ಬೇಡ. ಸ್ಟೇಷನ್ನಿಗೆ ಬನ್ನಿ ಎಂದ ವಾರದಲ್ಲೇ ವಿಮಾನ ಹತ್ತಿದರೆ ಅದು ಓಡಿಹೋದಂತೆಯೇ ಕಾಣುತ್ತದೆ. ವಾಪಸ್ ಬಂದಾಗ ಏರ್‌ಪೋರ್ಟಿನಲ್ಲೇ ಹಿಡಿಯಬಹುದು. ಮುಂದೆ ಚಾರ್ಜ್ ಆದರೆ ಜಾಮೀನು ಕೊಡಬೇಡಿ ಎನ್ನಲು ಪ್ರಾಸಿಕ್ಯೂಷನ್‌ಗೆ ನೀವೇ ಕಾರಣ ಕೊಟ್ಟಂತೆ. ಪೊಲೀಸರು ‘ಇವನ ಮೇಲೆ ಮುಂದೇನೂ ಕ್ರಮ ಇಲ್ಲ’ ಎಂದು ಬರೆದು ಕೊಟ್ಟ ಮೇಲೆ ಬೇಸಿಗೆ ರಜೆಗೆ ಧಾರಾಳವಾಗಿ ಕಳಿಸಿ. ಅದಕ್ಕೂ ಹೆಚ್ಚು ದಿನ ಅಲ್ಲೇ ಓದಿಸುವ ಯೋಚನೆ ಇದ್ದರೆ, ಸತತವಾಗಿ ಎರಡು ವರ್ಷಕ್ಕಿಂತ ಹೆಚ್ಚು ಬ್ರಿಟನ್ನಿನ ಹೊರಗಿದ್ದರೆ ಕಾಯಂ ಅನುಮತಿ ತಾನಾಗಿಯೇ ರದ್ದಾಗುತ್ತದೆ ಎನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಟಿಕೆಟ್ ಬುಕ್ ಮಾಡುವ ಮೊದಲು ಹೋಗುವ, ಬರುವ ತಾರೀಕನ್ನು ಸಾಲಿಸಿಟರ್‌ಗೆ ಬರೆದು ತಿಳಿಸಿ.